ಟೀಚರಾಗಲು ಹೊರಟವಳ ಮನೆಯಲ್ಲಿ ಮೂರು ತಿಂಗಳು

ಅಮೆರಿಕ ಹೇಗಿದೆ ಎಂದು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ್ದೇನೆ. ಚೊಕ್ಕಟವಾಗಿದೆ, ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಶಾಲೆಯ ಮಕ್ಕಳು ಊಟ ಬಿಸಾಡುತ್ತಾರೆ. ಅಷ್ಟಕ್ಕೆ ಎದ್ದು ಹೋಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆಗೂ ಕರೆದುಕೊಂಡು ಹೋಗಿದ್ದರು. ಮಂಜು ಮುಚ್ಚಿಕೊಂಡಿತ್ತು. ಕಂಬದ ಬುಡ ಕಂಡಿತು, ತುದಿ ಕಾಣಲಿಲ್ಲ. ಸೇತುವೆ ವಿಚಾರ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ನನ್ನ ತಂಗಿಯ ಮಗಳು ಸುಧಾ ಅಲ್ಲಿ ಟೀಚರಾಗಲು ಪಟ್ಟ ಪಾಡಿನ ವಿಚಾರ.

ನಾನು ಹಾಸನದ ಕಡೆಯವಳು. ಊರಿನ ಸರ್ಕಾರಿ ಶಾಲೆಯಲ್ಲಿ ಮೊದಲು ಕಸ ಗುಡಿಸಿದೆ, ನೀರು ತುಂಬಿಸಿದೆ. ಬಿಸಿಯೂಟ ಬಂದ ಮೇಲೆ ಅಡುಗೆ ಮಾಡಿದೆ. ನನಗೆ ಓದು ಬಂದದ್ದು ಐವತ್ತು ದಾಟುವ ಹೊತ್ತಿಗೆ. ಒತ್ತಕ್ಷರ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ.

ನಮ್ಮ ಶಾಲೆಗೆ ವರ್ಷಕ್ಕೊಂದು ಸಲ ಡಿ.ಎಡ್. ಓದುವವರು ಪಾಠ ಮಾಡಿ ಕಲಿಯಲು ಬರುತ್ತಿದ್ದರು. ಹುಡುಗಿಯರಿಗೆಲ್ಲ ಒಂದೇ ಬಣ್ಣದ ಸೀರೆ, ಕಂಕುಳಲ್ಲಿ ಸುತ್ತಿದ ಚಾರ್ಟು. ಅವರ ಕಾಲೇಜಿನ ಮೇಡಂ ಬಂದು ಹಿಂದೆ ಕೂತರೆ ಚಾರ್ಟು ಗೋಡೆ ಹತ್ತುತ್ತಿತ್ತು. ಮೇಡಂ ಬಸ್ಸು ಹತ್ತಿದರೆ ಚಾರ್ಟು ಇಳಿಯುತ್ತಿತ್ತು. ಸಾರು ಬಡಿಸುವಾಗ ನಾನು ಅವರಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆ: ಈ ಕೆಲಸಕ್ಕೆ ಯಾಕೆ ಬಂದಿರಿ? ಬೇರೆ ಕೋರ್ಸಿಗೆ ಮಾರ್ಕ್ಸ್ ಸಾಲಲಿಲ್ಲ ಎಂದಳು ಒಬ್ಬಳು. ಸರ್ಕಾರಿ ಕೆಲಸ ಅಲ್ವಾ ಅಮ್ಮ ಎಂದ ಒಬ್ಬ. ಗಂಡಿನ ಕಡೆಯವರು ಟೀಚರ್ ಹುಡುಗಿಯನ್ನೇ ಕೇಳುತ್ತಾರೆ ಎಂದಳು ಇನ್ನೊಬ್ಬಳು. ಸುಳ್ಳು ಹೇಳಿದವರು ಕಡಿಮೆ. ಅಮೆರಿಕದಲ್ಲೂ ಅದೇ ಪ್ರಶ್ನೆ ಕೇಳಿದೆ.

ಸನ್ನಿವೇಲ್, ಇಳಿದ ವಾರ

ಸುಧಾಳಿಗೆ ನಲವತ್ತಮೂರು. ಹತ್ತೊಂಬತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿ, ಹೋದ ವರ್ಷ ತಾನಾಗಿ ಬಿಟ್ಟಳು. ಈಗ ಹಗಲು ಪಕ್ಕದ ಮೌಂಟನ್ ವ್ಯೂದಲ್ಲಿ ಒಂದು ಶಾಲೆಯ ಮೂರನೇ ಕ್ಲಾಸಿನ ಮಕ್ಕಳ ಮುಂದೆ ನಿಂತು ಪಾಠ ಮಾಡುವ ಅಭ್ಯಾಸ, ಸಂಜೆ ಕಾಲೇಜು. ಗಂಡ ರವಿ ಮೈಸೂರಿನವನು. ಮಗಳು ಅನುಗೆ ಹದಿಮೂರು. ಈ ಮೂರು ತಿಂಗಳು ಮನೆ ನೋಡಿಕೊಳ್ಳಲು ನನ್ನ ತಂಗಿ ಹೋಗಬೇಕಿತ್ತು. ಅವಳಿಗೆ ಮಂಡಿ ಆಪರೇಷನ್ ಆಯಿತು. "ಊರು ನೋಡ್ಕಂಡು ಬಾರಕ್ಕ" ಎಂದು ನನ್ನನ್ನು ಕಳಿಸಿದಳು. ಊರು ನೋಡುವುದಕ್ಕಲ್ಲ, ಅನ್ನ ಬೇಯಿಸುವುದಕ್ಕೆ ಎಂದು ನನಗೆ ಗೊತ್ತಿತ್ತು. ಹೋದೆ.

ಮೂರನೇ ದಿನ ಅನು ಜೊತೆ ತರಕಾರಿ ಅಂಗಡಿಗೆ ಹೊರಟೆ. ರಸ್ತೆ ದಾಟುವಲ್ಲಿ ಒಂದು ಕಂಬ. ಅದರ ಗುಂಡಿ ಒತ್ತಿದರೆ ಗಂಡಸಿನ ದನಿಯಲ್ಲಿ ಗದರಿಸುತ್ತದೆ.

"ಏನಂತದೆ ಇದು?"

"ವೇಟ್ ಅಂತ, ಅಜ್ಜಿ. ಜಸ್ಟ್ ನಿಲ್ಲಬೇಕು."

"ನಿಂತೇ ಇವ್ನಲ್ಲ, ಇನ್ನೇನ್ ಮಲಗಬೇಕಾ?"

ದಾಟುವಾಗ ನಡುರಸ್ತೆಯಲ್ಲಿ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ದೀಪ ಬದಲಾಯಿತು. ನಾಲ್ಕು ಕಾರು ನಿಂತಿದ್ದವು. ಒಂದೂ ಹಾರನ್ ಮಾಡಲಿಲ್ಲ. ಒಬ್ಬ ಕೈಯಾಡಿಸಿ ನಕ್ಕ. ನಮ್ಮಲ್ಲಾಗಿದ್ದರೆ ನನ್ನ ಮೂರು ತಲೆಮಾರಿನವರಿಗೂ ಬೈಗುಳ ಬೀಳುತ್ತಿತ್ತು.

ಆ ಸಂಜೆ ಸುಧಾಳನ್ನು ಕೇಳಿದೆ. "ಚೆನ್ನಾಗಿರೋ ಕೆಲಸ ಬಿಟ್ಟು ಇದಕ್ಯಾಕೆ ಬಂದೆ?"

"ಸೊಸೈಟಿಗೆ ಏನಾದ್ರೂ ವಾಪಸ್ ಕೊಡಬೇಕು ಅನ್ನಿಸ್ತು ದೊಡ್ಡಮ್ಮ."

"ಇದು ಆಫೀಸಿನ ಮಾತು. ನಿನ್ನ ಮಾತು ಹೇಳು."

ಅವಳು ಲ್ಯಾಪ್‌ಟಾಪ್ ತೆಗೆದುಕೊಂಡು ಒಳಗೆ ಹೋದಳು. ವಿಷಯ ಹೇಳಿದವನು ರವಿ. ಆ ಮೂರನೇ ಕ್ಲಾಸಿನ ನಿಜವಾದ ಟೀಚರು ಕ್ಯಾರಲ್ ಎಂಬ ಹೆಂಗಸು. ಸುಧಾ ಕಲಿಯುವುದು ಅವರ ಕೈಕೆಳಗೆ. ಅವರು ಎರಡು ಸಲ ಸುಧಾಳ ಪಾಠ ನೋಡಿ, ಎರಡು ಸಲವೂ "ಇನ್ನೂ ತಯಾರಾಗಿಲ್ಲ" ಎಂದು ಬರೆದುಕೊಟ್ಟಿದ್ದರು. ಉಳಿದಿದ್ದು ಒಂದು ಪಾಠ. ಅದನ್ನು ಇಡಿಯಾಗಿ ವಿಡಿಯೊ ಮಾಡಿ ಪರೀಕ್ಷೆ ಮಾಡುವವರಿಗೆ ಕಳಿಸಬೇಕು. ಅದು ಹೋದರೆ ಈ ವರ್ಷ ಹೋಯಿತು.

"ನಾನು ಬೇಡ ಅಂದಿಲ್ಲ ದೊಡ್ಡಮ್ಮ," ರವಿ ಎಂದ. "ಆದ್ರೆ ಅವಳ ಹಳೇ ಮ್ಯಾನೇಜರ್ ಇನ್ನೂ ಕರೀತಿದ್ದಾರೆ. ಇದು ಆಗದಿದ್ರೆ ವಾಪಸ್ ಆಫೀಸಿಗೆ ಹೋಗ್ತೀನಿ ಅಂತ ಅವಳೇ ಹೇಳಿದಾಳೆ. ನೀವು ಏನೂ ಕೇಳಿ ನೋಯಿಸಬೇಡಿ."

ಕೇಳದಿರುವುದು ನನ್ನಿಂದ ಆಗದ ಕೆಲಸ.

ಸನ್ನಿವೇಲಿನ ದೇವಸ್ಥಾನ

ದೇವಸ್ಥಾನ ಚೆನ್ನಾಗಿದೆ. ಚಪ್ಪಲಿ ಇಡಲು ಗೂಡು, ಪ್ರಸಾದಕ್ಕೆ ಸಾಲು. ಸಾಲಿನಲ್ಲಿ ಯಾರೂ ನುಗ್ಗುವುದಿಲ್ಲ, ಅದರಿಂದ ಬೇಗ ಮುಗಿಯುತ್ತದೆ. ಅಲ್ಲಿ ಮಂಡ್ಯದ ಪದ್ಮಾ ಎಂಬಾಕೆ ಸುಧಾಳ ಕೈ ಹಿಡಿದುಕೊಂಡಳು.

"ಏನೇ ಸುಧಾ, ಕಾಣೋದೇ ಇಲ್ಲ! ಆಫೀಸಲ್ಲಿ ಇಲ್ವಂತೆ? ಲೇಆಫಾ?"

"ಹೂಂ ಪದ್ಮಕ್ಕ, ಹಾಗೇ."

"ಅಯ್ಯೋ, ಟೆನ್ಷನ್ ಮಾಡ್ಕೋಬೇಡ. ನಮ್ಮನೆಯವ್ರ ಕಂಪನೀಲಿ ತಗೋತಿದಾರೆ, ರೆಸ್ಯೂಮು ಕಳಿಸು."

ಅವಳು ಅತ್ತ ಹೋದ ಮೇಲೆ ಸುಧಾಳನ್ನು ಹಿಡಿದೆ. "ಏನೇ ಅದು ಲೇಆಫು?"

"ಕೆಲಸದಿಂದ ತೆಗೆದುಹಾಕೋದು."

"ನಿನ್ನ ಯಾರು ತೆಗೆದ್ರು? ನೀನೇ ಬಿಟ್ಟೆ ಅಂದ್ಯಲ್ಲ?"

"ಮೆಲ್ಲಗೆ ದೊಡ್ಡಮ್ಮ! ಟೀಚರ್ ಆಗ್ತಿದೀನಿ ಅಂದ್ರೆ ಇನ್ನೂ ಹತ್ತು ಪ್ರಶ್ನೆ ಕೇಳ್ತಾರೆ. ಲೇಆಫ್ ಅಂದ್ರೆ ಪಾಪ ಅಂದು ಬಿಟ್ಬಿಡ್ತಾರೆ."

ನಮ್ಮೂರಿನಲ್ಲಿ ಕೆಲಸವಿಲ್ಲದ ಹುಡುಗಿಯರು ಕಾನ್ವೆಂಟಿನಲ್ಲಿ ಟೀಚರ್ ಎಂದು ಹೇಳಿಕೊಳ್ಳುತ್ತಾರೆ. ಇಲ್ಲಿ ಟೀಚರಾಗುವವಳು ಕೆಲಸ ಹೋಯಿತು ಎಂದು ಹೇಳಿಕೊಳ್ಳುತ್ತಾಳೆ.

ಲಾಸ್ ಆಲ್ಟೋಸ್, ಒಂದು ಶನಿವಾರ

ಸುಧಾಳ ಜೊತೆ ಕಲಿಯುವವರು ಶನಿವಾರಗಳಲ್ಲಿ ಸೇರಿ ಓದಿಕೊಳ್ಳುತ್ತಾರೆ. ಆ ವಾರ ಲಾಸ್ ಆಲ್ಟೋಸಿನಲ್ಲಿ ಡ್ಯಾನಿಯಲ್ ಎಂಬುವನ ಮನೆ. ನನ್ನನ್ನೂ ಕರೆದುಕೊಂಡು ಹೋದಳು. ಆ ಊರಿನ ರಸ್ತೆಗಳಲ್ಲಿ ನಾಯಿ ಹಿಡಿದವರನ್ನು ಬಿಟ್ಟರೆ ಮನುಷ್ಯರು ಕಾಣುವುದಿಲ್ಲ. ಡ್ಯಾನಿಯಲ್‌ಗೆ ಐವತ್ತೆಂಟು. ಕಂಪನಿ ಮಾರಿ ಸಾಕಷ್ಟು ದುಡ್ಡು ಮಾಡಿಕೊಂಡು ಈಗ ಟೀಚರಾಗಲು ಬಂದಿದ್ದಾನೆ. ಹಿತ್ತಲಲ್ಲಿ ನಿಂಬೆಗಿಡ. ಹಣ್ಣು ನೆಲದ ತುಂಬ ಉದುರಿ ಕೊಳೆಯುತ್ತಿತ್ತು. ನಾನು ಕೇಳದೆ ಸೆರಗಿಗೆ ತುಂಬಿಕೊಂಡೆ. ಸುಧಾ ತಲೆ ಚಚ್ಚಿಕೊಂಡಳು. ಅವನು ಒಳಗೆ ಓಡಿಹೋಗಿ ಒಂದು ಬುಟ್ಟಿ ತಂದುಕೊಟ್ಟ.

ಇನ್ನೊಬ್ಬಳು ಮಾರಿಸೋಲ್. ಇಪ್ಪತ್ತಾರು ವರ್ಷ, ಗಿಡ್ಡನೆಯ ಗಟ್ಟಿಗಿತ್ತಿ. ಶಾಲೆಯ ಹತ್ತಿರ ಬಾಡಿಗೆಗೆ ಮನೆ ಹಿಡಿಯಲಾಗದೆ ಬೆಟ್ಟದ ಆಚೆಯ ಊರಿನಿಂದ ಬಸ್ಸು, ರೈಲು ಹಿಡಿದು ದಿನವೂ ಬರುತ್ತಾಳಂತೆ. ನಮ್ಮೂರಿಗೂ ಮೇಷ್ಟ್ರುಗಳು ಪಟ್ಟಣದಿಂದ ಬಸ್ಸಿನಲ್ಲೇ ಬರುತ್ತಿದ್ದರು. ಅವರಿಗೆ ಊರಿನಲ್ಲಿರಲು ಮನಸ್ಸಿರಲಿಲ್ಲ. ಇಲ್ಲಿ ಮನಸ್ಸಿದ್ದರೂ ಆಗುವುದಿಲ್ಲ. ಎರಡು ಕಡೆಯೂ ಮೇಷ್ಟ್ರ ಕಣ್ಣು ಗಡಿಯಾರದ ಮೇಲೆ.

ಈ ಮೂವರಿಗೂ ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟಿದ್ದರು. "ಟೀಚರ್ ಎಂದರೆ ಯಾವುದರ ಹಾಗೆ" ಎಂದು ಚೀಟಿಯಲ್ಲಿ ಬರೆಯಬೇಕು. ಅವರವರ ನಂಬಿಕೆ ಏನು ಎಂದು ಅದರಿಂದ ತಿಳಿಯುತ್ತದಂತೆ. ಡ್ಯಾನಿಯಲ್ ತೋಟಗಾರ ಎಂದು ಬರೆದ. ಮಾರಿಸೋಲ್ ಬಸ್ ಡ್ರೈವರ್ ಎಂದು ಬರೆದಳು. ಸುಧಾ ದೀಪ ಎಂದು ಬರೆದಳು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಹೇಳುವುದನ್ನು ಸುಧಾ ಇಂಗ್ಲಿಷಿಗೆ ಮಾಡಬೇಕು.

"ತೋಟದೋನನ್ನ ಹಿಡ್ಕಂಡು, ನೀನು ಯಾವುದರ ಹಂಗಪ್ಪ ಅಂತ ಯಾರಾದ್ರೂ ಕೇಳ್ತಾರಾ? ಅವನು ಗಿಡಕ್ಕೆ ನೀರು ಹಾಕ್ತಾನೆ, ಅಷ್ಟೆ. ಟೀಚರು ಟೀಚರ ಹಂಗೆ."

ಸುಧಾ ಅದನ್ನು ನಯ ಮಾಡಿ ಹೇಳಿರಬೇಕು. ಆದರೂ ಮಾರಿಸೋಲ್ ಮೇಜು ಕುಟ್ಟಿ ನಕ್ಕಳು.

ಇನ್ನು ನನ್ನ ಸರದಿ ಎಂದು, ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಸುಧಾಳಿಂದ ಕೇಳಿಸಿದೆ. ಡ್ಯಾನಿಯಲ್, ತನಗೆ ಮಕ್ಕಳೆಂದರೆ ಪ್ರೀತಿ ಎಂದ.

"ಮೂವತ್ತು ಮಕ್ಕಳ ಮೂಗು ಒರೆಸಿ ಆದಮೇಲೆ ಹೇಳು ಅನ್ನು," ಎಂದೆ.

ಮಾರಿಸೋಲ್ ತನ್ನ ಕಥೆ ಹೇಳಿದಳು. ಅವಳಿಗೆ ಮೂರನೇ ಕ್ಲಾಸಿನಲ್ಲಿ ಇಂಗ್ಲಿಷು ಬರುತ್ತಿರಲಿಲ್ಲ. ಟೀಚರು ಹಿಂದೆ ಕೂರಿಸಿದಳು. ಇಡೀ ವರ್ಷ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಟೀಚರಿಗಿಂತ ಚೆನ್ನಾಗಿ ಮಾಡಿ ತೋರಿಸಬೇಕು, ಅದಕ್ಕೇ ಬಂದೆ ಎಂದಳು. ಇದು ಗಟ್ಟಿ ಮಾತು ಅನ್ನಿಸಿತು. ಬುಟ್ಟಿಯಲ್ಲಿದ್ದ ಅರ್ಧದಷ್ಟು ನಿಂಬೆಹಣ್ಣು ಅವಳ ಚೀಲಕ್ಕೆ ಹಾಕಿದೆ.

ಮೌಂಟನ್ ವ್ಯೂ, ಮೂರನೇ ಕ್ಲಾಸು

ಮನೆಯವರು ಬಂದು ಕ್ಲಾಸು ನೋಡಬಹುದಾದ ದಿನ ಒಂದಿತ್ತು. ಬಾಗಿಲಲ್ಲಿ ನನ್ನ ಫೋಟೊ ತೆಗೆದು, ನಿಂಗಮ್ಮ ಎಂದು ಇಂಗ್ಲಿಷಿನಲ್ಲಿ ಅಚ್ಚು ಮಾಡಿ ಸೀರೆಗೆ ಅಂಟಿಸಿದರು. ಅದನ್ನು ಕಿತ್ತರೆ ಜರಿಯೂ ಕಿತ್ತುಬರುತ್ತದೆ, ಒಳ್ಳೆ ಸೀರೆ ಉಟ್ಟು ಹೋಗಬೇಡಿ.

ಕ್ಯಾರಲ್ ಮೇಡಂಗೆ ಅರವತ್ತರ ಮೇಲೆ. ಸೈಕಲ್ಲಿನಲ್ಲಿ ಬರುತ್ತಾರೆ, ಚಡ್ಡಿ ಹಾಕುತ್ತಾರೆ. ಮಕ್ಕಳು ನೆಲದ ಮೇಲೆ ಕಾರ್ಪೆಟ್ಟಿನಲ್ಲಿ ಕೂತಿರುತ್ತಾರೆ. ಒಬ್ಬ ಬೋರಲು ಮಲಗಿದ್ದ. ಒಬ್ಬಳು ರಬ್ಬರ್ ಚೆಂಡಿನ ಮೇಲೆ ಕೂತು ಕುಣಿಯುತ್ತಿದ್ದಳು. ಒಂದಕ್ಕೆ ಹೋಗಬೇಕಾದವನು ಯಾರನ್ನೂ ಕೇಳದೆ, ಹೊರಗೆ ಹೋಗುವವರಿಗೆಂದೇ ಗೋಡೆಗೆ ತೂಗುಹಾಕಿದ್ದ ಸಣ್ಣ ಮರದ ಹಲಗೆಯನ್ನು ಕೊರಳಿಗೆ ಹಾಕಿಕೊಂಡು ಹೋದ. ನಮ್ಮಲ್ಲಿ ಕಿರುಬೆರಳು ಎತ್ತಿ, ಮೇಷ್ಟ್ರು ನೋಡುವ ತನಕ ಕಾಲು ಹೆಣೆದುಕೊಂಡು ನಿಂತವರನ್ನು ಎಷ್ಟು ನೋಡಿದ್ದೇನೋ. ಈ ಹಲಗೆ ನನಗೆ ಹಿಡಿಸಿತು.

ಊಟದ ಹೊತ್ತಿನಲ್ಲಿ ಹಿಡಿಸಲಿಲ್ಲ. ಒಬ್ಬ ಇಡೀ ಸೇಬನ್ನು ಒಂದು ಸಲ ಕಚ್ಚಿ ಕಸದ ಡಬ್ಬಿಗೆ ಹಾಕಿದ. ನಾನು ತೆಗೆದು ಅವನ ಕೈಗೆ ಕೊಟ್ಟೆ. ಅವನು ಹೆದರಿದ. ಸುಧಾ ಬಂದು ನನ್ನ ಕೈ ಹಿಡಿದಳು. "ದೊಡ್ಡಮ್ಮ, ಕಸದಿಂದ ತೆಗೆದು ಕೊಡಬಾರದು, ದೊಡ್ಡ ಗಲಾಟೆ ಆಗುತ್ತೆ." ಇಪ್ಪತ್ತು ವರ್ಷ ಅಳತೆಯ ಅಕ್ಕಿಯಲ್ಲಿ ಎಲ್ಲರ ಹೊಟ್ಟೆ ತುಂಬಿಸಿದವಳಿಗೆ ಯಾವುದು ದೊಡ್ಡ ಗಲಾಟೆ ಎಂದು ಹೇಳುವುದು ಬೇಡ. ಕೈ ತೊಳೆದುಕೊಂಡು ಬಂದು ಕೂತೆ.

ಆಮೇಲೆ ಸುಧಾಳ ಪಾಠ. ಅರ್ಧ, ಕಾಲು, ಮೂರರಲ್ಲಿ ಒಂದು ಪಾಲು. ಬೋರ್ಡಿನ ಮೇಲೆ ಚಿತ್ರ ಚೆನ್ನಾಗಿತ್ತು. ದನಿ ಚೆನ್ನಾಗಿತ್ತು. ಇಂಗ್ಲಿಷು ನನಗೆ ಬಾರದು. ಆದರೆ ಅವಳು ಬಾಯಿ ತೆಗೆದ ಕೂಡಲೇ ಆ ರಾಗ ಗೊತ್ತಾಯಿತು. ಮಾತನ್ನು ಮುಕ್ಕಾಲು ಹೇಳುವುದು, ಕೊನೆಗೆ ದನಿ ಎತ್ತಿ ನಿಲ್ಲಿಸುವುದು, ಉಳಿದ ಕಾಲು ಭಾಗವನ್ನು ಮಕ್ಕಳು ಒಟ್ಟಿಗೆ ಕೂಗುವುದು. "ಹಸು ನಮಗೆ ಹಾಲು ಕೊಡು...?" "ತ್ತದೇ!" ನಮ್ಮ ಶಾಲೆಯ ಗೋಡೆಗಳಿಗೂ ಬಾಯಿಪಾಠವಾದ ರಾಗ ಅದು. ಸುಧಾ ಅದನ್ನು ಏಳು ಸಮುದ್ರದ ಆಚೆ ಇಂಗ್ಲಿಷಿನಲ್ಲಿ ಹಾಡುತ್ತಿದ್ದಳು.

ಆ ಮಕ್ಕಳಿಗೆ ಅದು ಗೊತ್ತಿಲ್ಲ. ಅವಳು ದನಿ ಎತ್ತಿ ನಿಲ್ಲಿಸಿದರೆ, ಅವಳಿಗೆ ಮಾತು ಮರೆತುಹೋಯಿತೇನೋ ಎಂಬಂತೆ ಮುಖ ನೋಡುತ್ತಾರೆ. ಅವಳು ಗಾಬರಿಯಾಗಿ ಉಳಿದದ್ದನ್ನು ತಾನೇ ಹೇಳಿ ಮುಂದೆ ಓಡುತ್ತಾಳೆ. ನಾನು ಬೆರಳಿನ ಗೆಣ್ಣುಗಳಲ್ಲಿ ಎಣಿಸಿದೆ. ಮೂವತ್ತನಾಲ್ಕು ಸಲ ಕೇಳಿದಳು. ಮೂವತ್ತೆರಡು ಸಲ ತಾನೇ ಉತ್ತರ ಹೇಳಿಕೊಂಡಳು.

ಕಾರ್ಪೆಟ್ಟಿನ ತುದಿಯಲ್ಲಿ ಹಳದಿ ಸ್ವೆಟರಿನ ಒಂದು ಹೆಣ್ಣುಮಗು ಕೂತಿತ್ತು. ಇಸಾಬೆಲ್ ಎಂದು ಹೆಸರು. ಸುಧಾ ಉತ್ತರ ಹೇಳುವಾಗೆಲ್ಲ ಅದು ಜೊತೆಯಲ್ಲಿ ತುಟಿ ಆಡಿಸುತ್ತಿತ್ತು. ದನಿ ಇಲ್ಲ, ತುಟಿ ಮಾತ್ರ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆ ಕೆಲಸ ನಾನೂ ಮಾಡಿದ್ದೇನೆ.

ವಾಪಸ್ಸು ರೈಲಿನಲ್ಲಿ

ಸನ್ನಿವೇಲಿಗೆ ರೈಲಿನಲ್ಲಿ ಹೊರಟೆವು. ಸೈಕಲ್ ಇಡಲೆಂದೇ ಅಲ್ಲಿ ಒಂದು ಬೋಗಿ ಇದೆ, ಮನುಷ್ಯರಿಗಿಂತ ಸೈಕಲ್ಲುಗಳು ಆರಾಮಾಗಿ ನಿಂತಿರುತ್ತವೆ. ಸುಧಾ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

"ಹೇಗಿತ್ತು ಹೇಳು ದೊಡ್ಡಮ್ಮ. ನೇರವಾಗಿ ಹೇಳು."

"ನೀನು ಪಾಠ ಮಾಡ್ಲಿಲ್ಲ. ನಿನಗೆ ಗೊತ್ತಿರೋದನ್ನ ನೀನೇ ಒಪ್ಪಿಸಿ ಬಂದೆ."

ಅವಳ ಕಣ್ಣು ತುಂಬಿದವು. ನಾನು ನಿಲ್ಲಿಸಲಿಲ್ಲ.

ನನ್ನ ಕಥೆ ಹೇಳಿದೆ. ನಲವತ್ತು ವರ್ಷದವಳಿದ್ದಾಗ ಊರಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕ್ಲಾಸು ನಡೆಯಿತು. ಮೇಷ್ಟ್ರು ಕೋಲಿನಲ್ಲಿ ಹಲಗೆ ಮುಟ್ಟಿ ಮುಕ್ಕಾಲು ಹೇಳುತ್ತಿದ್ದರು. ಮುಂದೆ ಕೂತ ನಾಲ್ಕು ಜನ ಕಾಲು ಭಾಗ ಕೂಗುತ್ತಿದ್ದರು. ನಾನು ಅವರ ಹಿಂದೆ ತುಟಿ ಆಡಿಸುತ್ತಿದ್ದೆ. ಆರು ತಿಂಗಳು ಆಡಿಸಿದೆ. ಕೊನೆಗೆ ಓದು ಬಂತು ಎಂದು ಸರ್ಟಿಫಿಕೇಟು ಕೊಟ್ಟರು. ಅದರಲ್ಲಿ ಏನು ಬರೆದಿದೆ ಎಂದು ನನಗೆ ಓದಲು ಬರುತ್ತಿರಲಿಲ್ಲ.

ಓದು ಬಂದದ್ದು ಹತ್ತು ವರ್ಷದ ಮೇಲೆ, ಡಿ.ಎಡ್. ಓದುವ ಒಬ್ಬ ಹುಡುಗಿಯಿಂದ. ಅಪ್ಪ ಬಲವಂತ ಮಾಡಿ ಸೇರಿಸಿದ್ದಾನೆ, ನನಗೆ ಈ ಕೆಲಸ ಇಷ್ಟವಿಲ್ಲ ಎಂದು ಮುಖ ಸಿಂಡರಿಸಿಕೊಂಡೇ ಇರುತ್ತಿದ್ದಳು. ಅಡುಗೆಕೋಣೆಗೆ ನೀರು ಕುಡಿಯಲು ಬಂದವಳು ಮೂಟೆಯ ಮೇಲಿನ ಅಕ್ಷರ ತೋರಿಸಿ, "ಇದೇನಮ್ಮ?" ಎಂದಳು. ನಾನು ತುಟಿ ಆಡಿಸಿದೆ. ಅವಳು ಜೊತೆಯಲ್ಲಿ ಹೇಳಲಿಲ್ಲ. ಸುಮ್ಮನೆ ನಿಂತಳು. ಸಾರು ಉಕ್ಕಿತು, ಆದರೂ ನಿಂತಳು. ನೀನೇ ಹೇಳಿಬಿಡವ್ವ ಎಂದು ಬೈದೆ. ಹೇಳಲಿಲ್ಲ. ಮಾರನೇ ದಿನ ಬಂದು ಮತ್ತೆ ತೋರಿಸಿದಳು. ಮೂರನೇ ದಿನ ನಾನು "ಬೇಳೆ" ಎಂದು ಓದಿದೆ. ಅವಳು "ಹೂಂ, ಬೇಳೆ" ಎಂದು ಹೇಳಿ ಪಕ್ಕದ ಮೂಟೆ ತೋರಿಸಿದಳು.

"ಮಕ್ಕಳಂದ್ರೆ ಪ್ರಾಣ ಅನ್ನೋರು ಎಷ್ಟೋ ಜನ ಬಂದು ಹೋದ್ರು. ನಂಗೆ ಓದು ಕಲಿಸಿದ್ದು ಮುಖ ಸಿಂಡ್ರಿಸೋಳು. ಯಾರ ಮನಸ್ಸಲ್ಲಿ ಏನೈತೆ ಅಂತ ತಿಳ್ಕಂಡು ಏನ್ ಮಾಡ್ತೀಯ? ಮಗು ಬಾಯಿ ಮುಚ್ಕಂಡಾಗ ಟೀಚರು ಏನ್ ಮಾಡ್ತಾಳೆ, ಅದನ್ನ ನೋಡಬೇಕು."

ಸುಧಾ ಕಣ್ಣು ಒರೆಸಿಕೊಂಡು ಹೇಳಿದಳು. "ಕ್ಲಾಸಲ್ಲಿ ಮೊದಲು ಕೂಗ್ತಿದ್ದೋಳು ನಾನೇ ದೊಡ್ಡಮ್ಮ. ಯಾವಾಗಲೂ. ಎಲ್ಲಾರೂ ಕಲೀತಿದಾರೆ ಅಂತಾನೇ ಅಂದ್ಕೊಂಡಿದ್ದೆ."

"ಹಿಂದೆ ತಿರುಗಿ ನೋಡಿದ್ರೆ ತಾನೆ."

ಅವಳು ನಕ್ಕಳು. ಆಮೇಲೆ, ನಾನು ಮೊದಲ ವಾರ ಕೇಳಿದ್ದಕ್ಕೆ ಈಗ ಉತ್ತರ ಕೊಟ್ಟಳು. ಅನು ಎಂಟು ವರ್ಷದವಳಿದ್ದಾಗ ಭಾಗಾಕಾರ ಬರುವುದಿಲ್ಲ ಎಂದು ಅಳುತ್ತಿದ್ದಳಂತೆ. ಸುಧಾ ಆಫೀಸಿಗೆ ರಜೆ ಹಾಕಿ ಒಂದು ಇಡೀ ದಿನ ಕೂತು ಹೇಳಿಕೊಟ್ಟಳು. "ಹತ್ತೊಂಬತ್ತು ವರ್ಷದಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ನೆನಪಿರೋದು ಆ ಒಂದೇ ದಿನ. ಹೀಗಂತ ಯಾರ ಹತ್ರ ಹೇಳಲಿ? ಹುಚ್ಚು ಅಂತಾರೆ."

"ಅನ್ನಲಿ. ಇವತ್ತಿಂದ ನಾನು ನಿನ್ನ ವಿದ್ಯಾರ್ಥಿ," ಎಂದೆ.

ಸನ್ನಿವೇಲ್, ಅಡುಗೆಮನೆ

ಪಾಠಕ್ಕೆ ಹದಿನೈದು ದಿನ ಇತ್ತು. ದ್ವಿತೀಯ ಪಿಯುಸಿ ಪರೀಕ್ಷೆಗೆ ಓದಿಸುವವರ ಹಾಗೆ ನಾನು ಅವಳ ಬೆನ್ನು ಹತ್ತಿದೆ. ಸಂಜೆ ಕಾಲೇಜಿನಿಂದ ಬಂದ ಕೂಡಲೇ ಅನ್ನಕ್ಕಿಂತ ಮೊದಲು ಪಾಠ. ನಾನು ಸ್ಟೂಲಿನ ಮೇಲೆ ಕೂತು ಅವರೆಕಾಳು ಹಿಚುಕುವುದು, ಅವಳು ನಿಂತು ಕೇಳುವುದು.

"ಮೂರರಲ್ಲಿ ಒಂದು ಪಾಲು ದೊಡ್ಡದಾ, ನಾಲ್ಕರಲ್ಲಿ ಒಂದು ಪಾಲು ದೊಡ್ಡದಾ?"

ನಾನು ಬಾಯಿ ಬಿಡಲಿಲ್ಲ. ಎರಡು ಕಾಳು ಹಿಚುಕುವಷ್ಟರಲ್ಲಿ ಅವಳೇ, "ಅಂದ್ರೆ, ಮೂರು ಜನ ಹಂಚ್ಕೊಂಡ್ರೆ..." ಎಂದು ಶುರುಮಾಡಿದಳು.

"ಮುಚ್ಚು ಬಾಯಿ. ನಾನಿನ್ನೂ ಯೋಚ್ನೆ ಮಾಡ್ತಿವ್ನಿ."

"ಯೋಚನೆ ಮಾಡ್ತಿದೀಯೋ ಇಲ್ವೋ ಅಂತ ನಂಗೆ ಹೇಗೆ ಗೊತ್ತಾಗಬೇಕು?"

"ಗೊತ್ತಾಗಕ್ಕಿಲ್ಲ. ಅದಕ್ಕೇ ಸುಮ್ನಿರಬೇಕು."

ಇದು ಅವಳಿಗೆ ಆಗಲೇ ಇಲ್ಲ. ಸುಮ್ಮನಿರುವುದೆಂದರೆ ಅವಳಿಗೆ ಸೋತ ಹಾಗೆ. ಮೇಷ್ಟ್ರು ಎಂದರೆ ಮಾತಾಡುತ್ತಲೇ ಇರುವವರು, ಮಾತು ನಿಂತರೆ ಅವರಿಗೆ ವಿಷಯ ಗೊತ್ತಿಲ್ಲ ಎಂದು ಅವಳ ತಲೆಯಲ್ಲಿ ಕೂತಿತ್ತು. ಮೂರನೇ ದಿನ ನಾನು ಒಂದು ಲೋಟ ನೀರು ಅವಳ ಕೈಗೆ ಕೊಟ್ಟೆ. ಪ್ರಶ್ನೆ ಕೇಳಿದ ಮೇಲೆ ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ನಾನು ಉತ್ತರ ಹೇಳುವ ತನಕ ನುಂಗಬಾರದು, ಉಗುಳಬಾರದು.

ನೀರು ತುಂಬಿಕೊಂಡ ಮೊದಲ ದಿನ ಅನು ಅವಳ ಉಬ್ಬಿದ ಕೆನ್ನೆ ನೋಡಿ, "ಅಮ್ಮಾ, ಯು ಲುಕ್ ಲೈಕ್ ಎ ಫಿಶ್" ಎಂದಳು. ನೀರೆಲ್ಲ ಹಿಚುಕಿದ ಬೇಳೆಯ ಮೇಲೆ ಬಿತ್ತು. ಮತ್ತೆ ತೊಳೆದೆ. ಮಾರನೇ ದಿನ ನಾನು ಹತ್ತು ಕಾಳು ಹಿಚುಕುವ ತನಕ ತಡೆದಳು. ಒಂದು ವಾರದಲ್ಲಿ ಮೂವತ್ತು ಕಾಳು. ನಾನು ಬೇಕೆಂದೇ ತಪ್ಪು ಹೇಳುತ್ತಿದ್ದೆ, ತಿದ್ದಲು ಬಾಯಿ ತೆಗೆದರೆ ಮತ್ತೆ ನೀರು ಕೊಡುತ್ತಿದ್ದೆ. ಒಂದು ಸಂಜೆ ಅವಳು ಲೋಟ ಕುಕ್ಕಿ, "ಸಾಕು, ನಾಳೆ ಮ್ಯಾನೇಜರ್‌ಗೆ ಫೋನ್ ಮಾಡ್ತೀನಿ" ಎಂದು ಕೂಗಿದಳು. ನಾನು ಕಾಳು ಹಿಚುಕುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ತಾನೇ ಲೋಟ ತುಂಬಿಸಿಕೊಂಡಳು.

ಅಲ್ಲಿನ ಟೀಚರುಗಳೆಲ್ಲ ಕೈಯಲ್ಲಿ ನೀರಿನ ಬಾಟಲಿ ಹಿಡಿದೇ ತಿರುಗುತ್ತಾರೆ. ಕ್ಲಾಸಿನಲ್ಲಿ ಇವಳು ಕುಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಕಳಿಸಬೇಕಾದ ದಿನ

ಪಾಠ ಶುಕ್ರವಾರ ಬೆಳಗ್ಗೆ ಆಯಿತು. ಸಂಜೆ ಐದರೊಳಗೆ ವಿಡಿಯೊ ಕಳಿಸಬೇಕು. ನಡುವೆ ಕತ್ತರಿಸುವ ಹಾಗಿಲ್ಲ, ಇನ್ನೊಂದು ಸಲ ಮಾಡುವ ಹಾಗಿಲ್ಲ. ಸುಧಾ ಮೂರೂವರೆಗೆ ಬಂದು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಇಟ್ಟಳು.

"ಹಾಳಾಯ್ತು ದೊಡ್ಡಮ್ಮ. ಮಧ್ಯದಲ್ಲಿ ಇಷ್ಟುದ್ದ ಗ್ಯಾಪ್ ಬಿದ್ದಿದೆ. ಯಾರೂ ಬಾಯಿ ಬಿಡಲಿಲ್ಲ. ನಾನು ಪೆದ್ದಿ ಹಾಗೆ ನೀರು ತುಂಬ್ಕೊಂಡು ನಿಂತಿದ್ದೆ. ನಾನು ಕಳಿಸಲ್ಲ."

"ಆಮೇಲೆ ಏನಾಯ್ತು?"

"ಏನೋ ಮಾತಾಡಿದ್ರು. ಹಾಳಾಯ್ತು ಅನ್ನೋದೇ ನನ್ನ ತಲೇಲಿ ಓಡ್ತಿತ್ತು, ಒಂದೂ ನೆನಪಿಲ್ಲ. ನೋಡೋ ಧೈರ್ಯ ಇಲ್ಲ."

"ನಾನು ನೋಡ್ತೀನಿ."

"ಮಕ್ಕಳ ವಿಡಿಯೊ. ಹೊರಗಿನವರು ನೋಡಬಾರದು."

"ಮಕ್ಕಳನ್ನ ಯಾರು ನೋಡ್ತಾರೆ? ನಾನು ನೋಡೋದು ನಿನ್ನ."

ನಾಲ್ಕಕ್ಕೆ ರವಿ ಬಂದ. ಅವಳು ಕಳಿಸುವುದಿಲ್ಲ ಎಂದದ್ದು ಕೇಳಿ ಅವನ ಮುಖ ಸಣ್ಣದಾಯಿತು. ಆಫೀಸಿಗೆ ವಾಪಸ್ ಹೋಗು ಎಂದು ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ. ಕುರ್ಚಿ ಎಳೆದು ನನ್ನ ಪಕ್ಕ ಕೂತ. ಅನು ನನಗೆ ಇಂಗ್ಲಿಷು ಬಿಡಿಸಿ ಹೇಳಲು ಆ ಕಡೆ ಕೂತಳು. ಸುಧಾ ನಮಗೆ ಬೆನ್ನು ಮಾಡಿ ಸಿಂಕಿನ ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಪಾಠ ಶುರುವಾಯಿತು. ಆ ರಾಗ ಇರಲಿಲ್ಲ. ಸುಧಾ ಎರಡು ಕಾಗದದ ಪಟ್ಟಿ ತೋರಿಸಿ ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿದಳು. "ಅದೇ ಕ್ವೆಶ್ಚನ್ ಅಜ್ಜಿ, ಮೂರರಲ್ಲಿ ಒಂದಾ, ನಾಲ್ಕರಲ್ಲಿ ಒಂದಾ, ಯಾಕೆ ಅಂತ," ಅನು ಪಿಸುಗುಟ್ಟಿದಳು. ಸುಧಾ ಬಾಟಲಿ ಎತ್ತಿ ಬಾಯಿಗೆ ಇಟ್ಟುಕೊಂಡಳು. ಕೆನ್ನೆ ಉಬ್ಬಿತು.

ಯಾರೂ ಮಾತಾಡಲಿಲ್ಲ. ಒಬ್ಬ ಮೇಲೆ ನೋಡಿದ. ಒಬ್ಬಳು ಷೂ ದಾರ ಎಳೆದಳು. ಆಮೇಲೆ ಅದೂ ನಿಂತಿತು. ಎಲ್ಲರೂ ಕಾಗದದ ಪಟ್ಟಿಯನ್ನೇ ನೋಡುತ್ತಾ ಕೂತರು. ಒಬ್ಬರೂ ಮಿಸುಕಲಿಲ್ಲ. ಸುಧಾಳೂ ಮಿಸುಕಲಿಲ್ಲ.

ರವಿ ಮುಂದೆ ಬಗ್ಗಿದ. "ಹ್ಯಾಂಗ್ ಆಯ್ತು ಅನ್ಸುತ್ತೆ." ಗುಂಡಿ ಒತ್ತಲು ಕೈ ಚಾಚಿದ.

ನಾನು ಅವನ ಕೈ ಮೇಲೆ ಒಂದು ಏಟು ಕೊಟ್ಟೆ. "ಮುಟ್ಟಬೇಡಪ್ಪ. ಅದು ನಿಂತಿಲ್ಲ. ನಿನ್ನ ಹೆಂಡ್ತಿ ಕಾಯ್ತಾವ್ಳೆ."

ಆಗ ಹಳದಿ ಸ್ವೆಟರು ಸ್ವಲ್ಪ ಅಲುಗಿತು. ಒಂದು ಸಣ್ಣ ದನಿ ಏನೋ ಹೇಳಿತು.

"ನಾಲ್ಕರಲ್ಲಿ ಒಂದೇ ದೊಡ್ಡದಂತೆ," ಅನು ಎಂದಳು. "ಬಿಕಾಸ್ ಫೋರ್ ಈಸ್ ಬಿಗ್ಗರ್. ಬಟ್ ಅಜ್ಜಿ, ಅದು ರಾಂಗು."

ಸುಧಾ ತಿದ್ದಲಿಲ್ಲ. ಇನ್ನೊಬ್ಬ ಹುಡುಗ, ನಾಲ್ಕು ಜನ ಬಂದರೆ ನನಗೆ ಕಡಿಮೆ ಸಿಗುತ್ತದಲ್ಲ ಎಂದನಂತೆ. ಇಸಾಬೆಲ್ ಮುಂದೆ ಬಂದು ಪಟ್ಟಿಗಳನ್ನು ತಾನೇ ಮಡಿಚಿ, ಒಂದರ ಮೇಲೊಂದು ಇಟ್ಟು ನೋಡಿತು. ಆಮೇಲೆ ಗಟ್ಟಿಯಾಗಿ ಒಂದು ಮಾತು ಹೇಳಿತು.

ಸಿಂಕಿನ ನಲ್ಲಿ ನಿಂತಿತು. ಸುಧಾ ಒದ್ದೆ ಕೈಯಲ್ಲೇ ಬಂದು ನಮ್ಮ ಹಿಂದೆ ನಿಂತಿದ್ದಳು. "ಇದು ಅವಳ ದನಿ. ಸ್ಕೂಲು ಶುರುವಾದಾಗಿಂದ ಈ ಮಗು ನನ್ನ ಹತ್ರ ಮಾತಾಡಿಲ್ಲ," ಎಂದಳು.

"ಏನಂದಿದ್ದು ಅದು?" ಎಂದು ಸುಧಾಳನ್ನು ಕೇಳಿದೆ.

"ನಾನು ಹೇಳಿದ್ದು ತಪ್ಪು, ಮತ್ತೆ ಹೇಳ್ತೀನಿ, ಅಂತ."

ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ರವಿ ಕುರ್ಚಿ ಬಿಟ್ಟುಕೊಟ್ಟ. "ಕೂತ್ಕೋ. ನೆಟ್ ಚೆನ್ನಾಗಿದೆ, ಈಗಲೇ ಕಳಿಸು," ಎಂದ. ಅವಳು ಸೀದಾ ಕೂತು, ಸೆರಗಿಲ್ಲದವಳು ನನ್ನ ಸೆರಗಿಗೆ ಕೈ ಒರೆಸಿಕೊಂಡು, ಕಳಿಸಿದಳು.

ಊರು

ಫಲಿತಾಂಶ ಬರುವ ಹೊತ್ತಿಗೆ ನಾನು ವಾಪಸ್ಸು ಬಂದಿದ್ದೆ. ವಿಮಾನದ ವಿಚಾರ ಹೇಳುವಂಥದ್ದೇನಿಲ್ಲ, ಕಾಲು ಊದಿಕೊಂಡಿತ್ತು. ಒಂದು ಭಾನುವಾರ ಬೆಳಗ್ಗೆ ಸುಧಾ ಫೋನು ಮಾಡಿದಳು. ಅವಳಿಗೆ ಅಲ್ಲಿ ಇನ್ನೂ ಶನಿವಾರ ಸಂಜೆ.

"ಪಾಸು ದೊಡ್ಡಮ್ಮ. ಆದ್ರೆ ಅಂಚಲ್ಲಿ. ಇನ್ನೊಂದು ಮಾರ್ಕ್ಸ್ ಕಮ್ಮಿ ಬಂದಿದ್ರೆ ಹೋಗ್ತಿತ್ತು."

"ಅಂಚಾದ್ರೇನೆ, ಒಳಗಡೆ ತಾನೆ? ಸೋಮವಾರ ಸ್ಕೂಲಿಲ್ವ?"

"ಇದೆ."

"ಹಂಗಾರೆ ಫೋನು ಮಡಗು. ಹೋಗಿ ಪಾಠ ಬರ್ಕೊ."